ಹುಸಿ ಮುಳ್ಳುಬಾಲ ಅನ್ನಬಹುದಾ? ಕುದುರೆಮುಖದ ಒಂದು ಹಾವಿನ ಕುಲಕ್ಕೆ ಹೆಸರು ಬೇಕು

ಎಲ್ಲರಿಗೂ ನಮಸ್ಕಾರ.

ಪ್ರಶ್ನೆ ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ. ಮಲೆನಾಡಿನ ಹಾವುಗಳ ಬಗ್ಗೆ ಒಂದು ಚಿಕ್ಕ ಕೈಪಿಡಿ ತಯಾರಾಗುತ್ತಿದೆ. ಶಾಲೆ ಮಕ್ಕಳಿಗೆ, ತೋಟದವರಿಗೆ ಅಂತ. ಅದರ ಕನ್ನಡ ತಿದ್ದುವ ಕೆಲಸ ನನ್ನ ತಲೆಗೆ ಬಂದಿದೆ. ನಾಗರಹಾವು, ಕೊಳಕುಮಂಡಲ, ಕೇರೆ, ಹಸಿರುಹಾವು ಇರುವ ತನಕ ಏನೂ ತೊಂದರೆ ಆಗಲಿಲ್ಲ. ಮಣ್ಣಿನೊಳಗೇ ಬದುಕುವ ಹಾವುಗಳ ಪುಟಗಳು ಬಂದವು ನೋಡಿ, ಅಲ್ಲಿ ಸಿಕ್ಕಿಹಾಕಿಕೊಂಡೆ.

ಸಿಕ್ಕಿಸಿದ ಹೆಸರು ಇದು: ಸೂಡೋಪ್ಲೆಕ್ಟ್ರೂರಸ್ ಕೆನರಿಕಸ್. ಒಂದೇ ಒಂದು ಪ್ರಭೇದ ಇರುವ ಕುಲ. ಅಂದರೆ ಈ ಮನೆತನದಲ್ಲಿ ಇರುವುದೇ ಒಬ್ಬ. ನಮ್ಮ ಕುದುರೆಮುಖದ ಕಡೆಯದ್ದು. ಹೆಸರಿನ ಎರಡನೇ ಭಾಗ ನೋಡಿ, ಕೆನರಿಕಸ್, ಕೆನರಾದ್ದು ಅಂತ. ಕೆನರಾ ಎಲ್ಲಿಂದ ಬಂತು ಅಂತ ಈ ಬಳಗಕ್ಕೆ ಹೇಳಬೇಕಾಗಿಲ್ಲ, ಕನ್ನಡ ಅನ್ನುವ ಪದವೇ ಪೋರ್ಚುಗೀಸರ ಬಾಯಲ್ಲಿ ಹಾಗಾಯಿತು. ಹೆಸರಲ್ಲೇ ಕನ್ನಡ ಇಟ್ಟುಕೊಂಡಿರುವ ಹಾವಿಗೆ ಕನ್ನಡದಲ್ಲಿ ಹೆಸರಿಲ್ಲ! ಕೈಪಿಡಿಯ ಕರಡಿನಲ್ಲಿ ಯಾರೋ 'ಮಿಥ್ಯಾ ಕಂಟಕಪುಚ್ಛ' ಅಂತ ಬರೆದಿದ್ದಾರೆ. ಓದಿದರೆ ಪುರಾಣದ ರಾಕ್ಷಸನ ಹೆಸರಿದ್ದ ಹಾಗಿದೆ. ಐದನೇ ಕ್ಲಾಸಿನ ಹುಡುಗನಿಗೆ ಇದನ್ನು ಕೊಡುವುದಾ?

ಮೊದಲು ಈ ಹಾವುಗಳು ಎಂಥವು ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪದ ಸೂಚಿಸುವುದು ಕಷ್ಟ. ಇವುಗಳ ಕುಟುಂಬಕ್ಕೆ ಇಂಗ್ಲಿಷಿನಲ್ಲಿ ಶೀಲ್ಡ್‌ಟೇಲ್ ಅನ್ನುತ್ತಾರೆ. ಲೋಕದಲ್ಲಿ ಎರಡೇ ಕಡೆ ಇವೆ, ದಕ್ಷಿಣ ಭಾರತದ ಕಡೆಯ ಬೆಟ್ಟಗುಡ್ಡಗಳಲ್ಲಿ ಮತ್ತು ಶ್ರೀಲಂಕಾದಲ್ಲಿ. ಏಳು ಕುಲ, ಐವತ್ತಕ್ಕೂ ಜಾಸ್ತಿ ಪ್ರಭೇದ. ವಿಷ ಇಲ್ಲ. ಎರೆಹುಳ ತಿಂದುಕೊಂಡು ಮಣ್ಣೊಳಗೇ ಇರುತ್ತವೆ. ಮೊಟ್ಟೆ ಇಡದೆ ಮರಿ ಹಾಕುತ್ತವೆ.

ನಾನು ಒಂದನ್ನು ಕೈಯಲ್ಲಿ ಹಿಡಿದು ನೋಡಿದ್ದು ಕಳಸದ ಹತ್ತಿರ ನೆಂಟರ ಕಾಫಿ ತೋಟದಲ್ಲಿ. ಜುಲೈ ಮಳೆ. ತೋಟದ ಕಪ್ಪು, ಅಂದರೆ ನೀರು ಹರಿಯುವ ಚರಂಡಿ, ತುಂಬಿ ನಿಂತಿತ್ತು ಅಂತ ಆಳುಗಳು ಗುದ್ದಲಿಯಲ್ಲಿ ಬಿಡಿಸುತ್ತಿದ್ದರು. ಒಂದು ಹೆಂಟೆ ಒಡೆದಾಗ ಒಳಗಿಂದ ಸುಮಾರು ಒಂದಡಿ ಉದ್ದದ, ಹೆಬ್ಬೆರಳು ದಪ್ಪ ಇರಲಾರದ ಹಾವು ಹೊರಗೆ ಬಿತ್ತು. ಮೈಯೆಲ್ಲ ಕೆಸರಲ್ಲೇ ಇದ್ದರೂ ಚೂರೂ ಕೆಸರು ಅಂಟಿರಲಿಲ್ಲ, ಎಣ್ಣೆ ನೀರಿನ ಮೇಲೆ ಬಿದ್ದಾಗ ಬಣ್ಣ ಬರುತ್ತದಲ್ಲ, ಹಾಗೆ ಹೊಳೆಯುತ್ತಿತ್ತು. ಆದರೆ ಬಾಲದ ತುದಿಗೆ ಮಾತ್ರ ಒಂದು ಮಣ್ಣಿನ ಬಿಲ್ಲೆ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಎಬ್ಬಿಸಿದೆ. ಕೆಳಗೆ ಬಾಲ ಓರೆಯಾಗಿ ಕತ್ತರಿಸಿದ ಹಾಗಿದೆ, ಮುಟ್ಟಿದರೆ ಒರಟು, ಕಾಯಿ ತುರಿಯುವ ಮಣೆಯ ಹಲ್ಲಿನ ಹಾಗೆ ಸಣ್ಣ ಸಣ್ಣ ಏಣು. ಅಷ್ಟರಲ್ಲಿ ತಲೆ ನನ್ನ ಬೆರಳ ಸಂದಿಯಲ್ಲಿ ತೂರಿಕೊಂಡಿತ್ತು. ಕಚ್ಚುವ ಯೋಚನೆಯೇ ಇಲ್ಲ ಅದಕ್ಕೆ, ಸುಮ್ನೆ ತೂರುವುದು. ಅಷ್ಟು ಸಣ್ಣ ಜೀವಕ್ಕೆ ಅಷ್ಟು ಬಲ ಎಲ್ಲಿಂದ ಬಂತು ಅಂತ ಆಶ್ಚರ್ಯ ಆಯಿತು.

ಆಮೇಲೆ ಗೊತ್ತಾಯಿತು. ಕಾರ್ಲ್ ಗ್ಯಾನ್ಸ್ ಅನ್ನುವ ಪ್ರಾಣಿವಿಜ್ಞಾನಿ 1970ರ ದಶಕದಲ್ಲಿ ಇದನ್ನೇ ಕೂತು ನೋಡಿದ್ದ. ಇವುಗಳ ಮೈಯ ಮುಂದಿನ ಭಾಗದ ಸ್ನಾಯು ಮಾತ್ರ ದಣಿವಿಲ್ಲದೆ ದುಡಿಯುವಂಥ ಕೆಂಪು ಸ್ನಾಯು. ಚರ್ಮ ಇದ್ದಲ್ಲೇ ಇರುತ್ತದೆ, ಒಳಗೆ ಬೆನ್ನೆಲುಬು ಅಂಕುಡೊಂಕಾಗಿ ಮಡಚಿ ಮೈ ಉಬ್ಬಿಸಿ ಬಿಲಕ್ಕೆ ಒತ್ತಿ ನಿಲ್ಲುತ್ತದೆ, ಆಮೇಲೆ ತಲೆ ಮುಂದಕ್ಕೆ ಹೋಗುತ್ತದೆ. ಹಿಂದಿನ ಮೈ ಸುಮ್ನೆ ಎಳೆಸಿಕೊಂಡು ಬರುತ್ತದೆ. ಮುಂದೆ ಎಂಜಿನ್, ಹಿಂದೆ ಬೋಗಿ. ಗ್ಯಾನ್ಸ್ ಮತ್ತು ಜೊತೆಯವರು 1978ರ ತಮ್ಮ ಲೇಖನದ ತಲೆಬರಹದಲ್ಲೇ ಗೂಡ್ಸ್ ರೈಲಿನ ಹೋಲಿಕೆ ಕೊಟ್ಟಿದ್ದಾರೆ. ಮೈಯ ನುಣುಪು ಕೆಸರು ಅಂಟದಿರಲು, ಬಾಲದ ಒರಟು ಮಣ್ಣು ಹಿಡಿದುಕೊಳ್ಳಲು. ಹಿಂದಿನಿಂದ ಯಾರಾದರೂ ಬಿಲದೊಳಗೆ ಬಂದರೆ ಆ ಮಣ್ಣಿನ ಬಿಲ್ಲೆಯೇ ಬಾಗಿಲು.

ಇರಲಿ, ಪದಕ್ಕೆ ಬರುತ್ತೇನೆ. ಗುದ್ದಲಿ ಹಿಡಿದಿದ್ದವರನ್ನು ಇದೇನು ಹಾವು ಅಂತ ಕೇಳಿದೆ. 'ಎರಡು ತಲೆ ಹಾವು, ಬಿಡಿ ಅಣ್ಣ ಅದನ್ನ' ಅಂದರು. ಪಕ್ಕದಲ್ಲಿದ್ದವರು 'ಅಲ್ಲ ಮಾರಾಯ, ಅದು ಮಣ್ಣುಮುಕ್ಕ' ಅಂದರು. ಸಮಸ್ಯೆ ಶುರುವಾಗುವುದೇ ಇಲ್ಲಿ. ಬಯಲುಸೀಮೆಯಲ್ಲಿ ಇವೆರಡೂ ಹೆಸರು ಬೇರೆಯೇ ಹಾವಿನದ್ದು. ಕೆಂಪಗೆ ದಪ್ಪಗೆ ಇರುವ, ಹೆಬ್ಬಾವಿನ ದೂರದ ನೆಂಟ ಅನ್ನಬಹುದಾದ, ಇಂಗ್ಲಿಷಿನ ಸ್ಯಾಂಡ್ ಬೋವಾ. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಅಂತ ಯಾರೋ ಹಬ್ಬಿಸಿ, ಕದ್ದು ಹಿಡಿದು ಮಾರಿ ಸಿಕ್ಕಿಬಿದ್ದ ಸುದ್ದಿ ಪೇಪರಲ್ಲಿ ಆಗಾಗ ಬರುತ್ತದಲ್ಲ, ಅದೇ. ಆ ಹೆಸರನ್ನು ಈ ಬಡಪಾಯಿಗೂ ಕೊಟ್ಟು ಕೈಪಿಡಿಯಲ್ಲಿ ಅಚ್ಚು ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ. ಹುಳಹಾವು ಅಂತಲೂ ಕೆಲವರು ಅನ್ನುತ್ತಾರೆ, ಆದರೆ ಅದು ಶಾವಿಗೆ ಎಳೆಯಂಥ ಕುರುಡು ಹಾವಿಗೆ ಈಗಾಗಲೇ ಮೀಸಲಾಗಿದೆ.

ಹಾಗಾದರೆ ಶೀಲ್ಡ್‌ಟೇಲ್ ಅನ್ನುವುದನ್ನೇ ಕನ್ನಡಕ್ಕೆ ತರೋಣ ಅಂದುಕೊಂಡೆ. ಯುರೋಪೆಲ್ಟಿಸ್ ಅನ್ನುವ ಕುಲದ ಹೆಸರೇ ಗ್ರೀಕಿನ ಬಾಲ ಮತ್ತು ಗುರಾಣಿ ಸೇರಿ ಆದದ್ದು. ಗುರಾಣಿಬಾಲ. ಕೇಳಲು ಗತ್ತಾಗಿದೆ. ನಡುಗನ್ನಡದ ಯುದ್ಧವರ್ಣನೆಗಳಲ್ಲಿ ಬರುವ 'ಹರಿಗೆ'ಯನ್ನು ಎಬ್ಬಿಸಿ ಹರಿಗೆಬಾಲ ಅನ್ನೋಣ ಅಂತಲೂ ಒಂದು ಆಸೆ ಬಂತು, ಇಂಥ ಆಸೆ ಈ ಬಳಗದಲ್ಲಿ ಯಾರಿಗೆ ಬರುವುದಿಲ್ಲ ಹೇಳಿ. ಆದರೆ ಓದುವವನಿಗೆ ಹರಿಗೆ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಈ ಕುಟುಂಬದ ಎಲ್ಲ ಹಾವಿಗೂ ಬಾಲದಲ್ಲಿ ಗುರಾಣಿ ಇಲ್ಲ! ಮೆಲನೊಫಿಡಿಯಮ್ ಅಂತ ಒಂದು ಕುಲ ಇದೆ, ಹೆಸರಿನ ಅರ್ಥ ಕರಿಯ ಪುಟ್ಟ ಹಾವು. ಅದರ ಬಾಲಕ್ಕೆ ಒರಟು ಬಿಲ್ಲೆ ಇಲ್ಲ, ಸಾದಾ ಬಾಲ. ಪ್ಲೆಕ್ಟ್ರೂರಸ್ ಕುಲದ್ದಕ್ಕೆ ಬಿಲ್ಲೆಯ ಬದಲು ಎರಡು ಚೂಪು ಮೊನೆ, ಒಂದರ ಮೇಲೊಂದು. ಇಂಗ್ಲಿಷಿನವರು ಎಲ್ಲವನ್ನೂ ಒಂದೇ ಗುರಾಣಿಯ ಹಿಂದೆ ನಿಲ್ಲಿಸಿದ್ದಾರೆ. ನಾವೂ ಹಾಗೇ ಮಾಡಬೇಕು ಅಂತೇನಿಲ್ಲ ಅಲ್ವಾ? ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇವಕ್ಕೆ ಅರ್ಥ್ ಸ್ನೇಕ್ ಅನ್ನುವ ಹೆಸರೂ ಇತ್ತು. ಅದು ನಮಗೆ ಸಲೀಸು, ಮಣ್ಣುಹಾವು. ಕುಟುಂಬಕ್ಕೆ ಮಣ್ಣುಹಾವು, ಯುರೋಪೆಲ್ಟಿಸ್ ಕುಲಕ್ಕೆ ಮಾತ್ರ ಮೊಂಡುಬಾಲ. ಇದು ನನ್ನ ಮೊದಲ ಸೂಚನೆ. ತೋಟದಲ್ಲಿ ನಿಂತು ಹೇಳಿ ನೋಡಿದೆ, ಯಾರೂ ನಗಲಿಲ್ಲ.

ಈಗ ಕುಲದ ಪ್ರಶ್ನೆ. ಕುಲ ಅನ್ನುವ ಪದದ ಪ್ರಶ್ನೆಯೂ ಹೌದು. ಜೀನಸ್ ಅನ್ನುವುದಕ್ಕೆ ನಮ್ಮಲ್ಲಿ ಕೆಲವು ಪುಸ್ತಕ 'ಜಾತಿ' ಅನ್ನುತ್ತವೆ, ಕೆಲವು 'ಕುಲ' ಅನ್ನುತ್ತವೆ. ಹಿಂದಿಯವರು ಅದಕ್ಕೆ ವಂಶ ಅನ್ನುತ್ತಾರೆ, ಜಾತಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ ಸ್ಪೀಷೀಸ್‌ಗೆ ಬಳಸುತ್ತಾರೆ. ಹಿಂದಿಯಿಂದ ಅನುವಾದ ಮಾಡಿದ ಬರಹ ನಮ್ಮಲ್ಲಿ ಬಂದಾಗ ಇವೆಲ್ಲ ಕಲಸಿಹೋಗುತ್ತವೆ. ನಮ್ಮ ಕರಡಿನಲ್ಲಿ ಒಂದೇ ಪುಟದಲ್ಲಿ ಜಾತಿ ಎರಡು ಅರ್ಥದಲ್ಲಿ ಬಂದಿತ್ತು. ಬೇರು ನೋಡಿದರೆ ಜಾತಿಯೇ ಸರಿ. ಲ್ಯಾಟಿನಿನ ಜೀನಸ್, ಸಂಸ್ಕೃತದ ಜಾತಿ ಎರಡೂ 'ಹುಟ್ಟು' ಅನ್ನುವ ಒಂದೇ ಹಳೆಯ ಬೇರಿನವು, ಜನ, ಜನ್ಮ ಎಲ್ಲ ಅದರವೇ. ಆದರೆ ಬಳಕೆ ಬೇರನ್ನು ಕೇಳುವುದಿಲ್ಲ. 'ಇದು ಯಾವ ಜಾತಿ ಹಾವು' ಅಂತ ಊರಲ್ಲಿ ಕೇಳಿದರೆ ಅವರಿಗೆ ಬೇಕಾದದ್ದು ನಾಗರವೋ ಕೇರೆಯೋ ಅನ್ನುವುದು, ಅಂದರೆ ಸ್ಪೀಷೀಸ್. ಹಾಗಾಗಿ ನಾನು ಕುಲದ ಪರ. ಒಂದು ಕುಲ, ಅದರಲ್ಲಿ ಹಲವು ಪ್ರಭೇದ. 'ಜಾತಿ'ಯನ್ನು ಮಾತಿಗೆ ಬಿಟ್ಟುಬಿಡೋಣ, ಅಲ್ಲಿ ಅದು ಚೆನ್ನಾಗಿಯೇ ದುಡಿಯುತ್ತಿದೆ.

ಈ ನಮ್ಮ ಒಂಟಿ ಕುಲದ ಕಥೆ ಸ್ವಲ್ಪ ತಮಾಷೆಯಾಗಿದೆ. ಕರ್ನಲ್ ಬೆಡ್ಡೋಮ್ ಅಂತ ಮದ್ರಾಸ್ ಸೈನ್ಯದಿಂದ ಅರಣ್ಯ ಇಲಾಖೆಗೆ ಬಂದ ಮನುಷ್ಯ. ಪಶ್ಚಿಮ ಘಟ್ಟದ ಗಿಡ, ಕಪ್ಪೆ, ಹಾವು ಯಾವುದರ ಪಟ್ಟಿ ತೆಗೆದರೂ ಅವನ ಹೆಸರು ಎದುರಾಗುತ್ತದೆ, ಮಣ್ಣುಹಾವುಗಳಲ್ಲಂತೂ ಎಷ್ಟೋ ಪ್ರಭೇದಕ್ಕೆ ಅವನೇ ಹೆಸರಿಟ್ಟಿದ್ದು. ಕುದುರೆಮುಖದ್ದನ್ನು ಅವನು 1870ರಲ್ಲಿ ವರ್ಣಿಸಿ, ಸಿಲಿಬ್ಯೂರಾ ಅನ್ನುವ ಕುಲಕ್ಕೆ ಸೇರಿಸಿದ. ಆ ಕುಲ ಈಗ ಯುರೋಪೆಲ್ಟಿಸ್ ಒಳಗೆ ಕರಗಿದೆ, ಅಂದರೆ ನಮ್ಮ ಮೊಂಡುಬಾಲದವರ ಜೊತೆ ಕೂರಿಸಿದ್ದ. ಇಪ್ಪತ್ತು ವರ್ಷದ ಮೇಲೆ, 1890ರಲ್ಲಿ, ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದ್ದ ಬೂಲಂಜೆ ಇದಕ್ಕೆ ಬೇರೆ ಕುಲವೇ ಬೇಕು ಅಂತ ಸೂಡೋಪ್ಲೆಕ್ಟ್ರೂರಸ್ ಕಟ್ಟಿದ. 1943ರಲ್ಲಿ ಮಾಲ್ಕಮ್ ಸ್ಮಿತ್, ಅದೇನೂ ಬೇಡ, ಪ್ಲೆಕ್ಟ್ರೂರಸ್‌ನಲ್ಲೇ ಇರಲಿ ಅಂತ ಒಳಗೆ ಹಾಕಿದ. 2016ರಲ್ಲಿ ಇಡೀ ಕುಟುಂಬವನ್ನು ಮತ್ತೆ ಜೋಡಿಸಿ ಪಟ್ಟಿ ಮಾಡಿದಾಗ ಅದನ್ನು ಮತ್ತೆ ಹೊರಗೆ ತಂದು ಬೂಲಂಜೆಯ ಕುಲದಲ್ಲೇ ಕೂರಿಸಿದರು. ಹಾವು ಮಾತ್ರ ಇದ್ದ ಗುಡ್ಡದಲ್ಲೇ ಇತ್ತು.

ಪ್ಲೆಕ್ಟ್ರೂರಸ್ ಅಂದರೆ? ಗ್ರೀಕಿನಲ್ಲಿ ಪ್ಲೆಕ್ಟ್ರಾನ್ ಅಂದರೆ ತಂತಿ ಮೀಟುವ ಕಡ್ಡಿ, ಗಿಟಾರಿನವರು ಪ್ಲೆಕ್ಟ್ರಮ್ ಅನ್ನುವುದು ಅದನ್ನೇ. ಹುಂಜದ ಕಾಲಿನ ಹಿಂದೆ ಇರುವ ಮುಳ್ಳಿಗೂ ಅದೇ ಪದ. ಅಂದರೆ ಮುಳ್ಳುಬಾಲ. ಮುಂದೆ ಸೂಡೋ ಸೇರಿದರೆ 'ಮುಳ್ಳುಬಾಲ ಅಲ್ಲದ ಮುಳ್ಳುಬಾಲ'. ಇದನ್ನು ಹೇಗೆ ಹೇಳುವುದು ಅನ್ನುವುದೇ ನನ್ನ ಮುಖ್ಯ ಪ್ರಶ್ನೆ.

ಪಠ್ಯಪುಸ್ತಕದ ದಾರಿ 'ಮಿಥ್ಯ'. ಅಮೀಬಾದ ಮಿಥ್ಯಪಾದ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ನನಗೆ ಹುಸಿ ಇಷ್ಟ. ಆದರೆ ಹುಸಿಯನ್ನು ಎಲ್ಲಿ ಬಳಸುತ್ತೇವೆ ಅಂತ ಕೂತು ಯೋಚಿಸಿದರೆ ಸ್ವಲ್ಪ ಅನುಮಾನ ಬರುತ್ತದೆ. ಹುಸಿಕೋಪ, ಹುಸಿನಗೆ. ಇಲ್ಲೆಲ್ಲ ಮಾಡುವವನು ಗೊತ್ತಿದ್ದೇ ನಟಿಸುತ್ತಿದ್ದಾನೆ. ಹುಸಿ ಬಾಂಬ್ ಕರೆ ಅಂದರೂ ಹಾಗೇ, ಯಾರೋ ಬೇಕಂತಲೇ ಮಾಡಿದ್ದು. ಇನ್ನೊಂದು ಬಳಕೆ, ನಿರೀಕ್ಷೆ ಹುಸಿಯಾಯಿತು ಅನ್ನುವಾಗ, ಅಂದುಕೊಂಡದ್ದು ಆಗಲಿಲ್ಲ ಅಂತ. ನಮ್ಮ ಹಾವು ಯಾರಿಗೂ ಮೋಸ ಮಾಡಿಲ್ಲ. ಅದರ ಬಾಲದ ಮೊನೆ ನಿಜವಾದ ಮೊನೆಯೇ, ಚುಚ್ಚಿ ನೋಡಿದರೆ ಗೊತ್ತಾಗುತ್ತದೆ. ಬಾಲ ನೋಡಿ ಇದು ಆ ಕುಲದ್ದು ಅಂದುಕೊಂಡರೆ ತಲೆಯ ಹುರುಪೆಗಳ ಜೋಡಣೆ ಒಪ್ಪುವುದಿಲ್ಲ, ಅಷ್ಟೇ. ಹುಸಿಯಾದದ್ದು ನಾವು ಅಂದುಕೊಂಡದ್ದು.

ಗಿಡಗಳಿಗೆ ಇಂಥ ಕಡೆ ನಮ್ಮ ಹಿರಿಯರು ಬೇರೆ ಉಪಾಯ ಮಾಡಿದ್ದಾರೆ. ನಾಯಿತುಳಸಿ, ಕಾಡುಕೊತ್ತಂಬರಿ. ಹಾಗೇ ಇದೆ, ಆದರೆ ಅದಲ್ಲ ಅಂತ ಒಂದೇ ಪದದಲ್ಲಿ ಹೇಳಿಬಿಡುತ್ತಾರೆ. ಎಷ್ಟು ಚೆಂದ! ಆದರೆ 'ನಾಯಿ ಮುಳ್ಳುಬಾಲ' ಅಂದರೆ ಹಾವೂ ಹೋಯಿತು, ನಾಯಿಯೂ ಹೋಯಿತು. ಕಾಡು ಸೇರಿಸೋಣ ಅಂದರೆ ಎಲ್ಲವೂ ಕಾಡಿನವೇ.

ಮುಳ್ಳು ಅನ್ನುವುದರಲ್ಲೂ ಒಂದು ಅಪಾಯ ಇದೆ. ಮುಳ್ಳುಬಾಲ ಅಂತ ಬರೆದರೆ ನಾಳೆಯಿಂದ ಬಾಲದಲ್ಲಿ ಚುಚ್ಚುತ್ತದೆ, ಅದರಲ್ಲೇ ವಿಷ ಇದೆ ಅಂತ ಕಥೆ ಹುಟ್ಟುತ್ತದೆ. ಈಗಿರುವ ಕಥೆಗಳೇ ಸಾಕು. ಮೊನೆಬಾಲ ಅಂದರೆ ಸ್ವಲ್ಪ ತಣ್ಣಗಿದೆ. ಹೇಗಿದೆ ನೋಡಿ ಹೇಳಿ.

ಇಷ್ಟೆಲ್ಲ ಬರೆದ ಮೇಲೆ ನನಗೇ ಅನ್ನಿಸುತ್ತಿರುವುದು ಏನೆಂದರೆ, ಲ್ಯಾಟಿನ್ ಹೆಸರನ್ನು ಕನ್ನಡ ಮಾಡಲು ಹೊರಟದ್ದೇ ತಪ್ಪು. ಆ ಹೆಸರಲ್ಲಿ ಇರುವುದು ಹಾವಲ್ಲ, ಮ್ಯೂಸಿಯಮ್ಮಿನ ಮೇಜಿನ ಮೇಲೆ ನಡೆದ ಜಗಳ. ಆ ಜಗಳ ಬಲ್ಲವರಿಗೆ ಲ್ಯಾಟಿನ್ ಹೆಸರು ಹೇಗೂ ಇದ್ದೇ ಇದೆ. ತೋಟದವರಿಗೆ ಬೇಕಾದದ್ದು ನೋಡಿ ಗುರುತಿಸುವ ಹೆಸರು, ಇಲ್ಲವೇ ಎಲ್ಲಿಯದು ಅಂತ ಹೇಳುವ ಹೆಸರು. 'ಕುದುರೆಮುಖದ ಮಣ್ಣುಹಾವು' ಅಂದರೆ ಮುಗಿಯಿತಲ್ಲ? ಇದಕ್ಕೆ ಕೈಪಿಡಿ ಮಾಡುತ್ತಿರುವ ಗೆಳೆಯರ ತಕರಾರು ಹೀಗಿದೆ. ಅದು ಪ್ರಭೇದದ ಹೆಸರಾಯಿತು, ಕುಲಕ್ಕೆ ಬೇರೆ ಬೇಕು. ಇರುವುದೇ ಒಂದು ಪ್ರಭೇದ ಕಣ್ರೀ, ಕುಲಕ್ಕೂ ಅದೇ ಸಾಕು ಅಂದೆ. ನಾಳೆ ಇನ್ನೊಂದು ಸಿಕ್ಕಿದರೆ ಅಂದರು. ಅದೂ ನಿಜ. ಮೆಲನೊಫಿಡಿಯಮ್ ಕುಲದಲ್ಲೇ ಹಾಗಾಗಿದೆ. 1871ರಿಂದ ಮೂರೇ ಪ್ರಭೇದ ಇದ್ದವು. ಗೋವಾ, ದಕ್ಷಿಣ ಮಹಾರಾಷ್ಟ್ರ, ನಮ್ಮ ಉತ್ತರದ ಘಟ್ಟದಲ್ಲಿ ಸಿಗುತ್ತಿದ್ದುದನ್ನು ದಕ್ಷಿಣದ ಪಂಕ್ಟೇಟಮ್ ಅನ್ನುವ ಪ್ರಭೇದ ಅಂತಲೇ ಎಣಿಸುತ್ತಿದ್ದರು. 2016ರಲ್ಲಿ ಕೂತು ಹುರುಪೆ ಎಣಿಸಿ, ಹೋಲಿಸಿ ನೋಡಿದಾಗ ಅದು ಬೇರೆಯೇ ಪ್ರಭೇದ ಅಂತಾಯಿತು. ಪುಣೆಯ ಹಾವಿನ ಉದ್ಯಾನ ಕಟ್ಟಿದ ನೀಲಿಮ್‌ಕುಮಾರ್ ಖೈರೆ ಅವರ ನೆನಪಿಗೆ ಖೈರೈ ಅಂತ ಹೆಸರಿಟ್ಟರು.

ಇದೇ ಮೆಲನೊಫಿಡಿಯಮ್ ಪುಟದಲ್ಲಿ ಕರಡಿನ ಒಂದು ಮುತ್ತು ಸಿಕ್ಕಿತು, ಹೇಳದೆ ಇರಲಾರೆ. 'ಈ ಕುಲದ ಹಾವುಗಳಿಗೆ ಮಾನಸಿಕ ತೋಡು ಇರುತ್ತದೆ.' ಮೂರು ಸಲ ಓದಿದೆ. ಹಾವಿಗೆ ಮನೋವ್ಯಾಧಿಯಾ ಅಂತ! ಇಂಗ್ಲಿಷಿನಲ್ಲಿ ಇದ್ದದ್ದು ಮೆಂಟಲ್ ಗ್ರೂವ್. ಅಲ್ಲಿಯ ಮೆಂಟಲ್ ಮನಸ್ಸಿನದ್ದಲ್ಲ, ಲ್ಯಾಟಿನಿನ ಮೆಂಟಮ್, ಅಂದರೆ ಗದ್ದ. ಕೆಳದವಡೆಯ ಅಡಿಯಲ್ಲಿ ನಡುವೆ ಉದ್ದಕ್ಕೆ ಹೋಗುವ ಒಂದು ಗೀರು ಅದು. ಸಾಮಾನ್ಯ ಹಾವುಗಳಿಗೆಲ್ಲ ಇರುತ್ತದೆ, ದೊಡ್ಡ ತುತ್ತು ನುಂಗುವಾಗ ಚರ್ಮ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಮೊಂಡುಬಾಲಗಳಿಗೆ ಅದು ಇಲ್ಲ, ಮೆಲನೊಫಿಡಿಯಮ್‌ಗೆ ಇದೆ. ಮಸೂರ ಹಿಡಿದು ಗದ್ದ ತಿರುಗಿಸಿ ನೋಡಿದರೆ ಕುಲ ಗೊತ್ತಾಗಿಬಿಡುತ್ತದೆ. ಹಾಗಾಗಿ ಇದು ಸುಮ್ನೆ ಬಿಡುವ ಪದವಲ್ಲ. 'ಗದ್ದದ ಗೀರು' ಅಂತ ತಿದ್ದಿದ್ದೇನೆ. ಹಾಗೇ ಯುರೋಪೆಲ್ಟಿಸ್‌ನ ಕಣ್ಣು ಬೇರೆಯಾಗಿ ಇರುವುದಿಲ್ಲ, ಒಂದೇ ಹುರುಪೆಯ ಅಡಿಯಲ್ಲಿ, ಮಂಜು ಹಿಡಿದ ಗಾಜಿನ ಹಿಂದೆ ದೀಪ ಇದ್ದ ಹಾಗೆ ಇರುತ್ತದೆ. ಕರಡಿನಲ್ಲಿ ಇದಕ್ಕೆ 'ನೇತ್ರಶಲ್ಕ' ಅಂತಿತ್ತು. ಕಣ್ಣುಹುರುಪೆ ಸಾಕಲ್ಲವಾ?

ಇನ್ನೊಂದು ಪದ, 'ಅಪರೂಪ'. ಕರಡಿನಲ್ಲಿ ಅಪರೂಪ, ವಿರಳ, ಅಳಿವಿನಂಚಿನ ಮೂರೂ ಒಂದೇ ಅನ್ನುವ ಹಾಗೆ ಬಳಸಿದ್ದಾರೆ. ನನ್ನ ಕಿವಿಗೆ ಅಪರೂಪ ಅಂದರೆ ಕಣ್ಣಿಗೆ ಬೀಳುವುದು ಕಡಿಮೆ. 'ಏನಪ್ಪಾ ಅಪರೂಪ ಆಗಿಬಿಟ್ಟೆ' ಅಂತ ಗೆಳೆಯನಿಗೆ ಹೇಳುತ್ತೇವೆ, ಅವನು ಅಳಿದುಹೋಗುತ್ತಿದ್ದಾನೆ ಅಂತಲ್ಲ. ವಿರಳ ಅಂದರೆ ಎಣಿಕೆಯಲ್ಲೇ ಕಡಿಮೆ. ಮಣ್ಣೊಳಗಿನ ಹಾವಿಗೆ ಈ ವ್ಯತ್ಯಾಸ ಬಹಳ ಮುಖ್ಯ, ಯಾಕೆಂದರೆ ಅವು ಕಾಣುವುದೇ ಜೋರು ಮಳೆ ಬಂದಾಗ ಇಲ್ಲವೇ ಗುದ್ದಲಿ ಬಿದ್ದಾಗ. ಕಾಣದ್ದಕ್ಕೂ ಇಲ್ಲದ್ದಕ್ಕೂ ಬೇರೆ ಬೇರೆ ಪದ ನಮ್ಮಲ್ಲಿ ಇರುವಾಗ ಕಲಸುವುದು ಯಾಕೆ? ಕುದುರೆಮುಖದ್ದಕ್ಕೆ ನಾನು ಅಪರೂಪ ಅಂತ ಉಳಿಸಿದ್ದೇನೆ. ಒಪ್ಪದವರು ಹೇಳಿ.

ಅನುವಾದದ ಹೆಸರೆಲ್ಲ ಕೆಟ್ಟದ್ದು ಅಂತ ನನ್ನ ವಾದ ಅಲ್ಲ, ತಪ್ಪು ತಿಳಿಯಬೇಡಿ. ತೋಳಹಾವು, ಆಭರಣಹಾವು ಇಂಗ್ಲಿಷಿನಿಂದ ಬಂದವೇ, ಈಗ ಹಾವು ಹಿಡಿಯುವ ಹುಡುಗರ ಬಾಯಲ್ಲಿ ಸಲೀಸಾಗಿ ಓಡಾಡುತ್ತಿವೆ. ಆದರೆ ಕೇರೆಯ ಹಾಗೆ ಆಗುವುದಿಲ್ಲ. ತಮಿಳಿನ ಸಾರೈ, ಮಲಯಾಳದ ಚೇರ, ನಮ್ಮ ಕೇರೆ ಒಂದೇ ಪದ, ಮೂವರೂ ಬೇರೆಯಾಗುವ ಮೊದಲೇ ಇದ್ದದ್ದು. ಮಣ್ಣುಹಾವಿಗೂ ಹಾಗೆ ಯಾವುದಾದರೂ ಹಳೆಯ ಪದ ಯಾವುದಾದರೂ ಊರಿನ ಮೂಲೆಯಲ್ಲಿ ಉಳಿದಿರಬಹುದು ಅನ್ನುವ ಆಸೆ ನನ್ನದು.

ಹಾಗಾಗಿ ಕೇಳುತ್ತಿದ್ದೇನೆ. ಕಳಸ, ಶೃಂಗೇರಿ, ಕೊಪ್ಪ, ಕೊಡಗು, ಸಕಲೇಶಪುರದ ಕಡೆಯವರು ಮನೆಯ ಹಿರಿಯರನ್ನು, ಅದಕ್ಕಿಂತ ಹೆಚ್ಚಾಗಿ ತೋಟದಲ್ಲಿ ಗುದ್ದಲಿ ಹಿಡಿಯುವವರನ್ನು ಕೇಳಿ ನೋಡಿ. ಬಾಲದ ತುದಿ ಮೊಂಡಾಗಿ ಒರಟಾಗಿ ಇರುವ, ಮಳೆಗಾಲದಲ್ಲಿ ಮೇಲೆ ಬರುವ ಸಣ್ಣ ಹಾವಿಗೆ ಏನಂತೀರಿ ಅಂತ ಕೇಳಿ. ಕೈಯಲ್ಲಿ ಹಿಡಿದು ಇದು ಹಾವೇ ಹೌದಾ ಅಂತಲೂ ನೋಡಿ, ಯಾಕೆಂದರೆ ಅದೇ ಮಣ್ಣಲ್ಲಿ ಕಪ್ಪೆಯ ಕಡೆಯ ನೆಂಟ, ಕಾಲಿಲ್ಲದ ಸಿಸಿಲಿಯನ್ ಕೂಡ ಇರುತ್ತದೆ. ಅದಕ್ಕೆ ಮೈಯೆಲ್ಲ ಲೋಳೆ, ಎರೆಹುಳದ ಹಾಗೆ ಉಂಗುರ ಉಂಗುರ. ತುಳುವಿನವರು ದಯವಿಟ್ಟು ಮಾತಾಡಿ. ದಕ್ಷಿಣ ಕೆನರಾ ಅಂತ ಹೆಸರಿಟ್ಟ ಜಿಲ್ಲೆಯಲ್ಲಿ ಜಾಸ್ತಿ ಜನ ಆಡುತ್ತಿದ್ದುದು ತುಳು. ಹಾಗಾಗಿ ಸರಿಯಾದ ಹೆಸರು ನಿಮ್ಮಲ್ಲೇ ಇರುವ ಸಂಭವ ಹೆಚ್ಚು.

ಮೊನೆಬಾಲ, ಹುಸಿ ಮೊನೆಬಾಲ, ಕುದುರೆಮುಖದ ಮಣ್ಣುಹಾವು ಇವುಗಳಲ್ಲಿ ಯಾವುದು ಅಂತಲೂ ಒಂದು ಮಾತು ಬರೆಯಿರಿ. ಮಿಥ್ಯಾ ಕಂಟಕಪುಚ್ಛದ ಪರ ಯಾರಾದರೂ ಇದ್ದರೆ ಅವರೂ ಬರೆಯಿರಿ, ಜಗಳಕ್ಕೆ ನಾನು ತಯಾರಿದ್ದೇನೆ. ಮತ್ತೆ ಆ ಬಾಲದ ಮೇಲಿನ ಮಣ್ಣಿನ ಬಿಲ್ಲೆ ಇದೆಯಲ್ಲ, ಅದಕ್ಕೂ ಒಂದು ಪದ ಬೇಕು. ಟೊಪ್ಪಿ ಅಂತ ಸದ್ಯಕ್ಕೆ ಬರೆದಿದ್ದೇನೆ, ಆದರೆ ಬಾಲಕ್ಕೆ ಟೊಪ್ಪಿ ಅಂದರೆ ಮತ್ತೆ ಎರಡು ತಲೆ ಹಾವಿನ ಕಥೆಗೇ ಹೋದ ಹಾಗಾಯಿತು.